ದೆವ್ವಕ್ಕೂ ಒಂದು ಅಹವಾಲು ಇರುತ್ತೆ

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಹೋದ ಸಂಚಿಕೆಯಲ್ಲಿ ಹಳೇ ಜಪಾನಿ ದೆವ್ವದ ಸಿನಿಮಾಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ನಿರ್ದೇಶಕ ಅಕಿರಾ ಕುರೊಸಾವಾ ಹೆಸರು ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ದೆವ್ವದ ಸಿನಿಮಾ ತೆಗೆದ ನೊಬುವೊ ನಕಾಗಾವಾ ಹೆಸರು ಗೊತ್ತಿರೋರು ಕಡಿಮೆ. ಅದಕ್ಕೇ ಇರಬೇಕು, ಪ್ರಶ್ನೆಗಳು ಜಾಸ್ತಿ ಬಂದಿವೆ. ಈ ಸಲದ ಅಂಕಣ ಪೂರ್ತಿ ಅವಕ್ಕೇ.

‘ರಿಂಗು’, ‘ಜು-ಆನ್’ ನೋಡಿ ರಾತ್ರಿ ಲೈಟ್ ಹಾಕಿಕೊಂಡು ಮಲಗಿದವನು ನಾನು. ಅದಕ್ಕಿಂತ ನಲವತ್ತು ವರ್ಷ ಹಳೇ ಸಿನಿಮಾದಲ್ಲಿ ಹೆದರೋಕೆ ಏನಿದೆ ಸರ್?
— ಓದುಗರೊಬ್ಬರು, ಶಿವಮೊಗ್ಗ

ನೀವು ಹೇಳಿದ ಎರಡು ಸಿನಿಮಾಗಳಲ್ಲಿ ದೆವ್ವ ಯಾರನ್ನು ಹಿಡಿಯುತ್ತೆ ಅಂತ ಒಮ್ಮೆ ಯೋಚನೆ ಮಾಡಿ. ಟೇಪ್ ನೋಡಿದವರನ್ನು, ಮನೆಯೊಳಗೆ ಕಾಲಿಟ್ಟವರನ್ನು. ಅವರು ಯಾರು, ಏನು ಮಾಡಿದ್ದಾರೆ ಅನ್ನೋದು ಅದಕ್ಕೆ ಬೇಕಿಲ್ಲ. ಅದೂ ಒಂದು ತರಹದ ಭಯ, ಒಪ್ಪುತ್ತೇನೆ. 1950, 60ರ ದಶಕದ ಸಿನಿಮಾಗಳಲ್ಲಿ ದೆವ್ವಕ್ಕೆ ವಿಳಾಸ ಸರಿಯಾಗಿ ಗೊತ್ತಿರುತ್ತೆ. ಯಾರು ಮೋಸ ಮಾಡಿದರು, ಯಾರು ನೋಡಿಯೂ ಸುಮ್ಮನಿದ್ದರು, ಎಲ್ಲ ಗೊತ್ತಿರುತ್ತೆ. ನಮಗೂ ಗೊತ್ತಿರುತ್ತೆ, ಯಾಕೆಂದರೆ ದೆವ್ವವಾದವಳು ಬದುಕಿದ್ದಾಗಿನ ಕಥೆಯನ್ನು ಸಿನಿಮಾ ನಮಗೆ ಪೂರ್ತಿ ತೋರಿಸಿರುತ್ತೆ.

ನಕಾಗಾವಾ 1959ರಲ್ಲಿ ತೆಗೆದ ‘ತೊಕಾಯ್ದೊ ಯೊತ್ಸುಯಾ ಕೈದಾನ್’ ನೋಡಿ. ಕೇವಲ 76 ನಿಮಿಷದ ಸಿನಿಮಾ. ಇಯೆಮೊನ್ ಅನ್ನೋ ಕೆಲಸವಿಲ್ಲದ ಸಮುರಾಯ್ ಒಬ್ಬಳನ್ನು ಇಷ್ಟಪಡುತ್ತಾನೆ, ಅವಳ ಅಪ್ಪ ಒಪ್ಪುವುದಿಲ್ಲ, ಅಪ್ಪನನ್ನೇ ಕೊಲ್ಲುತ್ತಾನೆ. ಆಮೇಲೆ ಅದೇ ಹುಡುಗಿಯ ಹತ್ತಿರ ಹೋಗಿ ‘ನಿಮ್ಮಪ್ಪನನ್ನು ಕೊಂದವರ ಮೇಲೆ ಸೇಡು ತೀರಿಸಿಕೊಡ್ತೀನಿ’ ಅಂತ ನಂಬಿಸಿ ಮದುವೆಯಾಗುತ್ತಾನೆ. ಅವಳ ಹೆಸರು ಓಯಿವಾ. ಒಂದು ಮಗು ಆಗುತ್ತೆ, ಮನೆಯಲ್ಲಿ ಬಡತನ, ಅವಳಿಗೆ ಕಾಯಿಲೆ. ಇವನಿಗೆ ದೊಡ್ಡ ಮನೆಯ ಹುಡುಗಿಯೊಬ್ಬಳು ಸಿಗುತ್ತಾಳೆ. ಔಷಧಿ ಅಂತ ಹೇಳಿ ಹೆಂಡತಿಗೆ ವಿಷ ಕುಡಿಸುತ್ತಾನೆ.

ಸಿನಿಮಾ ಅರ್ಧ ದಾಟಿದರೂ ದೆವ್ವ ಬಂದಿರುವುದಿಲ್ಲ. ನಾವು ಅಷ್ಟೊತ್ತು ನೋಡಿದ್ದು ಒಬ್ಬ ಗಂಡ ತನ್ನ ಹೆಂಡತಿಯನ್ನು ಸ್ವಲ್ಪ ಸ್ವಲ್ಪವಾಗಿ ಮನಸ್ಸಿನಿಂದ ಹೊರಗೆ ಹಾಕುವುದನ್ನು. ಆಮೇಲೆ ಅವನು ತಲೆ ಎತ್ತಿದರೆ ಸೂರಿನಲ್ಲಿ ಅವಳು. ಆಗ ನಮ್ಮೊಳಗೆ ಎರಡು ಭಾವನೆ ಒಟ್ಟಿಗೇ ಬರುತ್ತವೆ. ಹೆದರಿಕೆ ಆಗುತ್ತೆ, ಜೊತೆಗೆ ‘ಬಿಡಬೇಡ ಅವನನ್ನ’ ಅಂತಲೂ ಅನಿಸುತ್ತೆ. ಈ ಎರಡನೆಯದು ಹೊಸ ಸಿನಿಮಾಗಳಲ್ಲಿ ನನಗೆ ಸಿಗೋದು ತುಂಬಾ ಅಪರೂಪ. ನಾನು ಇವುಗಳ ಹಿಂದೆ ಬಿದ್ದಿರುವುದೇ ಅದಕ್ಕೆ.

ಇನ್ನೊಂದು ಮಾತು. ನಿಮ್ಮನ್ನು ಹೆದರಿಸಿದ ‘ರಿಂಗು’ ಸಿನಿಮಾದ ದೆವ್ವ ಸದಾಕೊ ಇದ್ದಾಳಲ್ವಾ, ಮುಖದ ಮೇಲೆ ಕೂದಲು ಹರಡಿಕೊಂಡು ಒಂದೇ ಕಣ್ಣಲ್ಲಿ ನೋಡುವವಳು, ಅವಳಿಗಿಂತ ಎಷ್ಟೋ ಮೊದಲೇ ಓಯಿವಾ ಹಾಗೇ ನಿಂತಿದ್ದಳು. ಬಾವಿಯಿಂದ ಹೊರಗೆ ಬರುವ ಹೆಣ್ಣೂ ಹೊಸಬಳಲ್ಲ. ಹತ್ತು ತಟ್ಟೆಗಳಲ್ಲಿ ಒಂದು ಕಾಣೆಯಾಯಿತು ಅಂತ ಸಾಯಿಸಿ ಬಾವಿಗೆ ಹಾಕಿದ ಓಕಿಕು ಅನ್ನೋ ಕೆಲಸದವಳು ರಾತ್ರಿ ಹೊತ್ತು ಒಂದರಿಂದ ಒಂಬತ್ತರವರೆಗೆ ಎಣಿಸಿ ಅಳುವ ಕಥೆ ಜಪಾನಿನಲ್ಲಿ ಬಹಳ ಹಳೆಯದು. ಹಿಮೆಜಿ ಕೋಟೆಯಲ್ಲಿ ಅವಳ ಹೆಸರಿನ ಬಾವಿ ಇವತ್ತಿಗೂ ಇದೆ.

ನಾನು ಹವ್ಯಾಸಿ ರಂಗಭೂಮಿಯವಳು. ಓಯಿವಾ ತಲೆ ಬಾಚಿಕೊಳ್ಳುವ ದೃಶ್ಯ ತುಂಬಾ ಪ್ರಸಿದ್ಧ ಅಂತ ಕೇಳಿದ್ದೇನೆ. ಅದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀರಾ?
— ಓದುಗರೊಬ್ಬರು, ಮೈಸೂರು

ಖಂಡಿತ. ಈ ಪ್ರಶ್ನೆ ಬಂದಿದ್ದು ಖುಷಿಯಾಯಿತು.

ಮೂಲ ನಾಟಕ ಜಪಾನಿನ ಹಳೇ ರಂಗಶೈಲಿಯಾದ ಕಬುಕಿಯದು. ನಾಲ್ಕನೆಯ ತ್ಸುರುಯಾ ನಂಬೊಕು ಬರೆದದ್ದು, 1825ರಲ್ಲಿ ಎದೊ ನಗರದ, ಅಂದರೆ ಇವತ್ತಿನ ಟೋಕಿಯೊದ, ನಕಾಮುರಾ-ಜಾ ರಂಗಮಂದಿರದಲ್ಲಿ ಮೊದಲ ಸಲ ಆಡಿದರು. ಆಗ ಇದನ್ನು ಒಂಟಿಯಾಗಿ ಆಡಲಿಲ್ಲ. ಯಜಮಾನನಿಗಾಗಿ ಪ್ರಾಣ ಕೊಟ್ಟ 47 ಸಮುರಾಯ್‌ಗಳ ಜನಪ್ರಿಯ ನಾಟಕ ಒಂದಿತ್ತು, ಅದರ ಅಂಕಗಳ ನಡುವೆ ಇದರ ಅಂಕಗಳನ್ನು ಸೇರಿಸಿ ಎರಡು ದಿನ ಆಡಿದರು. ಇಯೆಮೊನ್ ಕೂಡ ಅದೇ ಯಜಮಾನನ ಮನೆಯವನೇ. ಒಂದು ಕಡೆ ಎಲ್ಲರೂ ಹೊಗಳುವ ನಿಷ್ಠೆ, ಅದರ ಪಕ್ಕದಲ್ಲೇ ಅದೇ ಮನೆಯ ಉಪ್ಪು ತಿಂದವನೊಬ್ಬ ಮನೆಯೊಳಗೆ ಹೆಂಡತಿಗೆ ಏನು ಮಾಡುತ್ತಿದ್ದಾನೆ ಅನ್ನೋದು. ನಂಬೊಕು ಎಂಥ ಧೈರ್ಯದ ನಾಟಕಕಾರ ಅಂತ ಇದರಲ್ಲೇ ಗೊತ್ತಾಗುತ್ತೆ.

ಈಗ ಬಾಚುವ ದೃಶ್ಯಕ್ಕೆ ಬರೋಣ. ವಿಷದಿಂದ ಓಯಿವಾಳ ಮುಖ ಒಂದು ಕಡೆ ಊದಿಕೊಂಡಿದೆ, ಕಣ್ಣು ಜೋತುಬಿದ್ದಿದೆ. ಆಗಷ್ಟೇ ಕನ್ನಡಿಯಲ್ಲಿ ನೋಡಿಕೊಂಡು, ಏನು ನಡೆದಿದೆ ಅಂತ ಅವಳಿಗೆ ಅರ್ಥವಾಗಿದೆ. ನಾಟಕದಲ್ಲಿ ಆ ವಿಷ ಕಳಿಸಿದ್ದು ಪಕ್ಕದ ಮನೆಯವರು, ಅಲ್ಲಿಗೇ ಹೋಗಿ ಕೇಳಲೇಬೇಕು ಅಂತ ತೀರ್ಮಾನ ಮಾಡುತ್ತಾಳೆ. ಆದರೆ ಅವಳು ಸಮುರಾಯ್ ಮನೆಯ ಹೆಂಗಸು, ಹಾಗೇ ಎದ್ದು ಹೋಗುವಂತಿಲ್ಲ. ಆ ಕಾಲದ ಮದುವೆಯಾದ ಹೆಂಗಸರ ಪದ್ಧತಿಯಂತೆ ಹಲ್ಲಿಗೆ ಕಪ್ಪು ಬಣ್ಣ ಹಚ್ಚಿಕೊಳ್ಳುತ್ತಾಳೆ. ಕೈ ನಡುಗಿ ಬಣ್ಣ ತುಟಿಯಾಚೆಗೂ ಹರಡುತ್ತೆ. ಆಮೇಲೆ ಅಮ್ಮನ ನೆನಪಿಗೆ ಇಟ್ಟುಕೊಂಡ ಬಾಚಣಿಗೆ ತೆಗೆದು ಕೂದಲು ಬಾಚುತ್ತಾಳೆ. ಒಂದೊಂದು ಸಲ ಎಳೆದಾಗಲೂ ಒಂದೊಂದು ಹಿಡಿ ಕೂದಲು ಕಿತ್ತು ಬರುತ್ತೆ. ಮುಂದೆ ರಾಶಿ ಬೀಳುತ್ತಾ ಹೋಗುತ್ತೆ. ರಂಗದ ಹಲಗೆಯ ಕೆಳಗೆ ಒಬ್ಬ ಸಹಾಯಕ ಕೂತು ಆ ರಾಶಿಗೆ ಕೆಳಗಿನಿಂದ ಇನ್ನಷ್ಟು ಕೂದಲು ತಳ್ಳುತ್ತಾ ಇರುತ್ತಾನೆ, ಪ್ರೇಕ್ಷಕರಿಗೆ ಅದು ಬೆಳೀತಾ ಇರೋ ಹಾಗೆ ಕಾಣುತ್ತೆ.

ಇಲ್ಲಿ ಅವಳು ಇನ್ನೂ ಸತ್ತಿಲ್ಲ, ಗಮನಿಸಿ. ದೆವ್ವದ ರೂಪ ಬಂದದ್ದು ಬದುಕಿರುವಾಗಲೇ, ಮರ್ಯಾದೆಯಾಗಿ ಹೊರಗೆ ಹೋಗೋಣ ಅಂತ ತಯಾರಾಗುವಾಗಲೇ. ಆಮೇಲೆ ದೆವ್ವವಾಗಿ ಬಂದಾಗ ನಮಗೆ ಆ ಮುಖದಲ್ಲಿ ಕಾಣೋದು ಅವಳು ಕನ್ನಡಿ ಮುಂದೆ ಕೂತಿದ್ದ ಹೊತ್ತು.

ನಾಟಕದಲ್ಲಿ ಇನ್ನೊಂದು ಚಿಕ್ಕ ಘಟನೆ ಇದೆ, ನನಗೆ ವಿಷಕ್ಕಿಂತ ಅದೇ ಕ್ರೂರ ಅನಿಸುತ್ತೆ. ಇಯೆಮೊನ್ ಅಡ ಇಡೋಕೆ ಮನೆಯ ಸೊಳ್ಳೆಪರದೆ ಎಳೆದುಕೊಂಡು ಹೋಗುತ್ತಾನೆ. ಮಗುವಿಗೆ ಸೊಳ್ಳೆ ಕಚ್ಚುತ್ತೆ ಅಂತ ಓಯಿವಾ ಪರದೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ. ಅವನು ಬಿಡದೆ ಎಳೆಯುತ್ತಾನೆ, ಅವಳ ಉಗುರುಗಳು ಕಿತ್ತು ಪರದೆಯ ಜೊತೆಗೇ ಹೋಗುತ್ತವೆ.

ನಕಾಗಾವಾ ಈ ರಂಗಭೂಮಿಯ ಗುಣವನ್ನು ಮುಚ್ಚಿಡಲಿಲ್ಲ. ಕೊಠಡಿಯ ನೆಲ ಇದ್ದಕ್ಕಿದ್ದ ಹಾಗೆ ಕೊಳವಾಗುತ್ತೆ, ಹೆಣವನ್ನು ಮೊಳೆ ಹೊಡೆದು ಕೂರಿಸಿದ ಬಾಗಿಲು ನೀರಿನೊಳಗಿಂದ ಮೇಲೆ ಬರುತ್ತೆ. ಛಾಯಾಗ್ರಾಹಕ ತದಾಶಿ ನಿಶಿಮೊತೊ. ಇದೇ ಮನುಷ್ಯ ಆಮೇಲೆ ಹಾಂಗ್‌ಕಾಂಗ್‌ಗೆ ಹೋಗಿ 1972ರಲ್ಲಿ ಬ್ರೂಸ್ ಲೀ ನಿರ್ದೇಶಿಸಿದ ‘ವೇ ಆಫ್ ದ ಡ್ರ್ಯಾಗನ್’ಗೆ ಕ್ಯಾಮೆರಾ ಹಿಡಿದರು. ನೀವು ರಂಗಭೂಮಿಯವರು, ಮೊದಲ ಕೊಲೆಯ ದೃಶ್ಯವನ್ನು ತಪ್ಪದೇ ಗಮನಿಸಿ. ಕತ್ತರಿಸದೆ ಒಂದೇ ಉದ್ದ ಶಾಟ್‌ನಲ್ಲಿ ಕ್ಯಾಮೆರಾ ಅವರ ಜೊತೆ ನಡೆಯುತ್ತೆ.

ಈ ಸಿನಿಮಾಗಳೆಲ್ಲ ಬೇಸಿಗೆಯಲ್ಲೇ ಬಿಡುಗಡೆ ಆಗ್ತಿದ್ದವಂತೆ. ಯಾಕೆ?
— ಓದುಗರೊಬ್ಬರು, ಹುಬ್ಬಳ್ಳಿ

ಓಬೊನ್ ಹಬ್ಬ. ಜುಲೈ, ಆಗಸ್ಟ್ ಹೊತ್ತಿಗೆ ಸತ್ತ ಹಿರಿಯರು ಮನೆಗೆ ಬಂದು ಹೋಗುತ್ತಾರೆ ಅನ್ನೋ ನಂಬಿಕೆ. ನಮ್ಮ ಪಿತೃಪಕ್ಷ ನೆನಪಾಗುತ್ತೆ ಅಲ್ವಾ? ಜೊತೆಗೆ ಅಲ್ಲಿಯ ಬೇಸಿಗೆ ಸೆಖೆ. ಮೈ ಜುಮ್ ಅಂದರೆ ತಂಪಾಗುತ್ತೆ ಅಂತ ಕಬುಕಿ ಕಾಲದಿಂದಲೂ ಬೇಸಿಗೆಯಲ್ಲಿ ದೆವ್ವದ ನಾಟಕ ಆಡುವ ರೂಢಿ ಇತ್ತು. ಸಿನಿಮಾದವರು ಅದನ್ನೇ ಮುಂದುವರಿಸಿದರು.

ಇದರಲ್ಲಿ ಎತ್ತಿದ ಕೈ ಅಂದರೆ ಶಿನ್‌ತೊಹೊ ಸ್ಟುಡಿಯೊ. ತೊಹೊ ಕಂಪನಿಯಲ್ಲಿ ದೊಡ್ಡ ಮುಷ್ಕರ ಆಗಿ, ಒಡೆದು ಹೊರಬಂದವರಿಂದ 1947ರಲ್ಲಿ ಹುಟ್ಟಿದ್ದು. 1955ರಲ್ಲಿ ಮಿತ್ಸುಗು ಓಕುರಾ ಅದರ ಯಜಮಾನರಾದರು. ಅವರು ಮೂಕಿಚಿತ್ರಗಳ ಕಾಲದಲ್ಲಿ ಪರದೆಯ ಪಕ್ಕ ನಿಂತು ಕಥೆ ಹೇಳುತ್ತಿದ್ದವರು. ಯಾವ ಮಾತಿಗೆ ಜನ ಮುಂದಕ್ಕೆ ಬಾಗುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ದುಡ್ಡು ಕಮ್ಮಿ, ದಿನ ಕಮ್ಮಿ, ಪ್ರತಿ ಬೇಸಿಗೆಗೂ ದೆವ್ವ ಬೇಕು. 1961ರಲ್ಲಿ ಕಂಪನಿ ದಿವಾಳಿಯಾಯಿತು. ನಕಾಗಾವಾ ಅವರ ಒಳ್ಳೊಳ್ಳೆ ಕೆಲಸ ಎಲ್ಲ ಈ ಇಕ್ಕಟ್ಟಿನಲ್ಲೇ ಆದದ್ದು, 1957ರ ‘ಕಸಾನೆ-ಗಾ-ಫುಚಿ’ಯಿಂದ 1960ರ ‘ಜಿಗೊಕು’ವರೆಗೆ. ಹಬ್ಬಕ್ಕೆ ಬಂದು ಹೋಗುವ ಅಗ್ಗದ ಸಿನಿಮಾ ಅಂತ ಲೆಕ್ಕ ಹಾಕಿದ್ದರಿಂದ, ಕಲಾತ್ಮಕ ಚಿತ್ರಗಳಿಗೆ ಸಿಕ್ಕ ಮರ್ಯಾದೆ ಹೊರದೇಶಗಳಲ್ಲಿ ಇವಕ್ಕೆ ಬಹಳ ಕಾಲ ಸಿಗಲಿಲ್ಲ. ನನಗೆ ಇದು ನಿಜಕ್ಕೂ ಬೇಜಾರಿನ ಸಂಗತಿ.

‘ಜಿಗೊಕು’ ನೋಡಿದೆ. ಅರ್ಥವೇ ಆಗಲಿಲ್ಲ. ಎಲ್ಲರೂ ಸತ್ತು ನರಕಕ್ಕೆ ಹೋಗ್ತಾರಲ್ಲ, ಒಳ್ಳೆಯವರೇ ಇಲ್ವಾ ಅದರಲ್ಲಿ?
— ಓದುಗರೊಬ್ಬರು, ತುಮಕೂರು

ಕಥೆ ಇಷ್ಟು. ಶಿರೊ ಅನ್ನೋ ವಿದ್ಯಾರ್ಥಿ ಕೂತಿದ್ದ ಕಾರು ರಾತ್ರಿ ಒಬ್ಬ ಕುಡುಕನಿಗೆ ಗುದ್ದುತ್ತೆ. ಓಡಿಸುತ್ತಿದ್ದ ಗೆಳೆಯ ತಮುರಾ ನಿಲ್ಲಿಸದೆ ಹೋಗಿಬಿಡುತ್ತಾನೆ. ಶಿರೊಗೆ ನಿಲ್ಲಿಸಬೇಕು ಅನಿಸುತ್ತೆ, ಆದರೆ ಗಟ್ಟಿಯಾಗಿ ಹಟ ಹಿಡಿಯುವುದಿಲ್ಲ. ಅಲ್ಲಿಂದ ಶುರುವಾಗಿ ಒಂದರ ಹಿಂದೆ ಒಂದು ಸಾವು.

ಇಡೀ ಸಿನಿಮಾ ‘ಹಟ ಹಿಡಿಯದವರ’ ಬಗ್ಗೆ ಇದೆ. ತಪ್ಪು ಅಂತ ಗೊತ್ತಿದ್ದೂ ಸುಮ್ನಿದ್ದವರು, ರೋಗಿಗಳನ್ನು ಸರಿಯಾಗಿ ನೋಡದ ಡಾಕ್ಟರು, ಆಶ್ರಮದ ಮುದುಕರ ಹೊಟ್ಟೆಗೆ ಕನ್ನ ಹಾಕಿದವರು. ಕೊನೆಯ ಭಾಗದಲ್ಲಿ ಅವರೆಲ್ಲರಿಗೂ ನರಕದಲ್ಲಿ ವಿಚಾರಣೆ. ತೀರ್ಪು ಕೊಡುವವನು ಎನ್ಮಾ, ಬೌದ್ಧ ಧರ್ಮದ ಜೊತೆ ಅಷ್ಟು ದೂರ ಹೋಗಿ ನೆಲೆಸಿದ ನಮ್ಮ ಯಮನೇ. ಚರ್ಮ ಸುಲಿಯುವುದು, ಮೈ ಸೀಳುವುದು ಎಲ್ಲ ನೇರವಾಗಿ ತೋರಿಸುತ್ತಾರೆ, 1960ರಲ್ಲಿ ಅಷ್ಟು ದೂರ ಹೋದ ಸಿನಿಮಾಗಳು ತೀರಾ ಕಡಿಮೆ. ಆದರೆ ನನ್ನ ಕಣ್ಣಿಂದ ಹೋಗದಿರುವುದು ರಕ್ತ ಅಲ್ಲ. ಹುಟ್ಟುವ ಮೊದಲೇ ಸತ್ತ ಶಿರೊನ ಮಗು ಎಲೆಯ ಮೇಲೆ ತೇಲಿಕೊಂಡು ಹೋಗುತ್ತೆ, ಅವನು ಅದರ ಹಿಂದೆ ಓಡುತ್ತಾನೆ.

ಮೊದಲ ಭಾಗ ಎಡವಟ್ಟಾಗಿದೆ, ಸಾವುಗಳು ಸಾಲಾಗಿ ಬೀಳುವುದು ನಂಬೋಕೆ ಕಷ್ಟ. ಇನ್ನೊಂದು ಸಲ ನೋಡುವುದಾದರೆ ಇದನ್ನು ದೆವ್ವದ ಸಿನಿಮಾ ಅಂತ ನೋಡಬೇಡಿ, ಒಬ್ಬ ಹುಡುಗನ ತಪ್ಪಿನ ಭಾರ ಅಂತ ನೋಡಿ. ಸಂಗೀತ ಮಿಚಿಯಾಕಿ ವತಾನಾಬೆ ಅವರದ್ದು. ಮುಂದೆ ‘ಮಜಿಂಗರ್ ಜೆಡ್’ ಕಾರ್ಟೂನಿಗೆ ಸಂಗೀತ ಕೊಟ್ಟವರೂ ಅವರೇ.

ಬೆಕ್ಕಿನ ದೆವ್ವದ ಸಿನಿಮಾ ಅಂತ ಒಂದು ಜಾತಿಯೇ ಇದೆಯಂತೆ. ನಿಜವಾ?
— ಓದುಗರೊಬ್ಬರು, ದಾವಣಗೆರೆ

ನಿಜ. ದೊಡ್ಡ ಜಾತಿ, ಎರಡನೇ ಮಹಾಯುದ್ಧಕ್ಕೂ ಮುಂಚಿನಿಂದ ಇದೆ. ಕಥೆಯ ಹಂದರ ಹೆಚ್ಚುಕಮ್ಮಿ ಒಂದೇ. ಅರಮನೆಯಲ್ಲೋ ದೊಡ್ಡ ಮನೆಯಲ್ಲೋ ಒಬ್ಬರನ್ನು ಅನ್ಯಾಯವಾಗಿ ಕೊಲ್ಲುತ್ತಾರೆ. ಸತ್ತವರು ಸಾಕಿದ ಬೆಕ್ಕು ಅವರ ರಕ್ತ ನೆಕ್ಕುತ್ತೆ. ಆ ಸೇಡು ಬೆಕ್ಕಿಗೆ ಬಂದು, ಅದು ಹೆಣ್ಣಿನ ರೂಪದಲ್ಲಿ ಮನೆ ಸೇರುತ್ತೆ. ಮನುಷ್ಯರಲ್ಲಿ ಆ ಸತ್ತವರ ಪರ ನಿಲ್ಲೋರು ಒಬ್ಬರೂ ಇಲ್ಲದಿದ್ದಾಗ ಬೆಕ್ಕು ನಿಲ್ಲುತ್ತೆ. ಆಗೆಲ್ಲ ಮನೆಯ ದೀಪಕ್ಕೆ ಅಗ್ಗದ ಮೀನೆಣ್ಣೆ ಹಾಕುತ್ತಿದ್ದರು, ಬೆಕ್ಕುಗಳು ಅದನ್ನು ನೆಕ್ಕೋಕೆ ಬರುತ್ತಿದ್ದವು. ಕತ್ತಲಲ್ಲಿ ದೀಪದ ಮುಂದೆ ಹಿಂಗಾಲ ಮೇಲೆ ನಿಂತ ಬೆಕ್ಕಿನ ನೆರಳು ಗೋಡೆ ಮೇಲೆ ಹೇಗೆ ಕಾಣಬಹುದು ಅಂತ ಊಹಿಸಿಕೊಳ್ಳಿ.

ಇದರಲ್ಲಿ ನನಗೆ ತುಂಬಾ ಹತ್ತಿರವಾದದ್ದು ತಕಾಕೊ ಇರಿಯೆ ಅನ್ನೋ ನಟಿಯ ಬದುಕು. ದೊಡ್ಡ ಮನೆತನದ ಹೆಣ್ಣುಮಗಳು. 1930ರ ದಶಕದ ಅತಿ ದೊಡ್ಡ ತಾರೆಗಳಲ್ಲಿ ಒಬ್ಬರು, ಸ್ವಂತ ನಿರ್ಮಾಣ ಸಂಸ್ಥೆ ಕಟ್ಟಿದವರು, ನಿರ್ದೇಶಕ ಕೆಂಜಿ ಮಿಜೊಗುಚಿ ಅವರ 1933ರ ಸಿನಿಮಾದ ನಾಯಕಿ. ಯುದ್ಧ ಮುಗಿದ ಮೇಲೆ ಕಾಯಿಲೆ ಬಂತು, ಅವಕಾಶ ಕಡಿಮೆಯಾಯಿತು. 1953ರಲ್ಲಿ ದಾಯೇ ಸ್ಟುಡಿಯೊದ ‘ಕೈದಾನ್ ಸಾಗಾ ಯಾಶಿಕಿ’ಯಲ್ಲಿ ಬೆಕ್ಕಿನ ದೆವ್ವವಾದರು. ಅದು ಓಡಿತು, ಮತ್ತೆ ಮತ್ತೆ ಅದೇ ಪಾತ್ರ ಬಂತು, ‘ಬೆಕ್ಕಿನ ದೆವ್ವದ ನಟಿ’ ಅಂತಲೇ ಜನ ಕರೆಯೋಕೆ ಶುರು ಮಾಡಿದರು. ಅವರು ಇಳಿದುಹೋದರು ಅಂತ ಮಾತಾಡಿದವರೂ ಇದ್ದರು. ಆ ಪಾತ್ರಗಳಲ್ಲಿ ಅವರು ಬರೀ ಕೈ ಆಡಿಸಿ ಎದುರಿನ ಹೆಂಗಸನ್ನು ಹಿಂದಕ್ಕೂ ಮುಂದಕ್ಕೂ ಲಾಗ ಹಾಕಿಸುತ್ತಾರೆ. ಮುಟ್ಟುವುದೂ ಇಲ್ಲ, ಬೆಕ್ಕು ಇಲಿಯನ್ನು ಆಡಿಸುವ ಹಾಗೆ. ಆ ಮೊಣಕೈ, ಆ ಕಣ್ಣು ನೋಡಿದವರು ‘ಇಳಿದುಹೋದರು’ ಅನ್ನೋ ಮಾತು ಹೇಗೆ ಆಡಿದರೋ ನನಗಂತೂ ಗೊತ್ತಿಲ್ಲ. 1962ರಲ್ಲಿ ಕುರೊಸಾವಾ ಅವರ ‘ಸಂಜುರೊ’ದಲ್ಲಿ ನಿಧಾನಕ್ಕೆ ಮಾತಾಡುವ ಹಿರಿಯಾಕೆಯಾಗಿ ಬರುತ್ತಾರೆ, ಅಲ್ಲೂ ಎಲ್ಲರ ಕಣ್ಣು ಅವರ ಮೇಲೇ ಇರುತ್ತೆ.

ದೆವ್ವ ಅಂದರೆ ಯಾವಾಗಲೂ ಹೆಂಗಸೇ ಯಾಕೆ? ಇದು ಹೆಣ್ಣನ್ನು ಕೆಟ್ಟದಾಗಿ ತೋರಿಸುವ ಹಳೇ ಚಾಳಿ ಅಲ್ಲವೇ?
— ಓದುಗರೊಬ್ಬರು, ಚಿಕ್ಕಮಗಳೂರು

ನಿಮ್ಮ ಅನುಮಾನ ಸುಳ್ಳಲ್ಲ. ತೆಗೆದವರು ಗಂಡಸರು, ಸತ್ತ ಮೇಲೆ ಮಾತ್ರ ಹೆಣ್ಣಿಗೆ ಶಕ್ತಿ ಕೊಟ್ಟವರೂ ಅವರೇ. ಬದುಕಿದ್ದಾಗ ಅವಳು ಬರೀ ಸಹಿಸಿಕೊಳ್ಳಬೇಕು. ಕೆಲವು ಸಿನಿಮಾಗಳಲ್ಲಿ ಅವಳ ನೋವನ್ನು ಚಪ್ಪರಿಸಿ ತೋರಿಸುತ್ತಾರೆ, ಅಂಥವು ನನಗೂ ಬೇಡ.

ಆದರೆ ಒಳ್ಳೆಯವುಗಳಲ್ಲಿ ಕ್ಯಾಮೆರಾ ಯಾರ ಪರ ಇದೆ ಅಂತ ನೋಡಬೇಕು. ನಕಾಗಾವಾ 1968ರಲ್ಲಿ ತೊಯೇ ಸ್ಟುಡಿಯೊಗೆ ‘ಕೈಯಿ ಹೆಬಿ-ಓನ್ನಾ’ ಅಂತ ತೆಗೆದರು. ಮೆಯ್ಜಿ ಚಕ್ರವರ್ತಿಯ ಕಾಲದ (1868–1912) ಒಂದು ಹಳ್ಳಿ. ಗೇಣಿ ಮಾಡುವ ರೈತನೊಬ್ಬ ಜಮೀನುದಾರನ ಮುಂದೆ ಅಂಗಲಾಚುತ್ತಲೇ ಸಾಯುತ್ತಾನೆ. ಅವನ ಸಾಲ ಹೆಂಡತಿ, ಮಗಳ ತಲೆಗೆ ಬರುತ್ತೆ, ಇಬ್ಬರೂ ಜಮೀನುದಾರನ ಮನೆಗೆ ದುಡಿಯೋಕೆ ಹೋಗಬೇಕು. ಮಗಳನ್ನು ಮಗ್ಗದ ಮುಂದೆ ಕೂರಿಸುತ್ತಾರೆ. ಹಾವೊಂದನ್ನು ಉಳಿಸೋಕೆ ಹೋಗಿ ತಾಯಿ ಸಾಯುತ್ತಾಳೆ. ಯಜಮಾನನ ಮಗ ಹುಡುಗಿಯ ಮೇಲೆ ಅತ್ಯಾಚಾರ ಮಾಡುತ್ತಾನೆ, ಅವಳೂ ಉಳಿಯುವುದಿಲ್ಲ. ಆ ಮೇಲೆ ಹಾವು, ದೆವ್ವ ಎಲ್ಲ. ಅಲ್ಲಿ ಪೊಲೀಸರೂ ಯಜಮಾನನ ಕಡೆ, ಊರೂ ಅವನ ಕಡೆ. ಗಂಡಸರೂ ಹೆಂಗಸರೂ ಸೇರಿ ಆ ಕುಟುಂಬ ಪೂರ್ತಿ ದೆವ್ವವಾಗಿ ಬರುತ್ತೆ. ಬದುಕಿದ್ದಾಗ ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಿದ್ದವರು ಈಗ ನಡುಮನೆಯಲ್ಲೇ ಕಾಣಿಸಿಕೊಳ್ಳುತ್ತಾರೆ.

ನೀವು ಇದನ್ನು ನೋಡಿ ಮತ್ತೆ ಬರೆಯಿರಿ. ನಿಮಗೆ ಏನನಿಸಿತು ಅಂತ ತಿಳಿಯುವ ಆಸೆ ಇದೆ.

ನಮ್ಮ ತುಳುನಾಡಿನ ಕೆಲವು ದೈವಗಳೂ ಅನ್ಯಾಯಕ್ಕೆ ಒಳಗಾದವರೇ. ಏನಾದರೂ ಹೋಲಿಕೆ ಇದೆಯಾ?
— ಓದುಗರೊಬ್ಬರು, ಉಡುಪಿ

ಹೋಲಿಕೆ ಇದೆ, ಸಂಬಂಧ ಇಲ್ಲ. ದೈವಕ್ಕೆ ಕೋಲ ಕೊಡುತ್ತೇವೆ, ಅದರ ಮುಂದೆ ನ್ಯಾಯ ಕೇಳುತ್ತೇವೆ. ಅದನ್ನು ದೆವ್ವದ ಸಿನಿಮಾದ ಪಕ್ಕ ಇಡುವುದು ಸರಿಯಲ್ಲ. ಪಕ್ಕದಲ್ಲಿ ಇಡುವುದೇ ಆದರೆ ಸುಗವಾರಾ ನೊ ಮಿಚಿಜಾನೆ ಅವರ ಕಥೆ ಇದೆ. ದೊಡ್ಡ ವಿದ್ವಾಂಸರು, ಸುಳ್ಳು ಆರೋಪ ಹೊತ್ತು ಗಡಿಪಾರಾಗಿ 903ರಲ್ಲಿ ತೀರಿಕೊಂಡರು. ಆಮೇಲೆ ಕ್ಯೊಟೊದಲ್ಲಿ ಸಿಡಿಲು, ಸಾವುಗಳು. ಅವರ ಸಿಟ್ಟೇ ಕಾರಣ ಅಂತ ನಂಬಿ ಕಿತಾನೊದಲ್ಲಿ ಗುಡಿ ಕಟ್ಟಿದರು. ಈಗ ಅವರು ವಿದ್ಯೆಯ ದೇವರು, ಪರೀಕ್ಷೆ ಮುಂಚೆ ಮಕ್ಕಳು ಹೋಗಿ ಕೈ ಮುಗಿಯುತ್ತಾರೆ. ಓಯಿವಾ ಹೆಸರಿನ ಗುಡಿಯೂ ಟೋಕಿಯೊದ ಯೊತ್ಸುಯಾದಲ್ಲಿದೆ. ಆ ನಾಟಕ, ಸಿನಿಮಾ ಮಾಡುವವರು ಮೊದಲು ಅಲ್ಲಿಗೆ ಹೋಗಿ ಬರುವ ರೂಢಿ ಇದೆ.

‘ಕ್ವೈದಾನ್’, ‘ಓನಿಬಾಬಾ’, ‘ಉಗೆತ್ಸು’ ನೋಡಿ ಆಗಿದೆ. ಮುಂದೆ ಏನು ನೋಡಲಿ?
— ಕಾಲೇಜು ವಿದ್ಯಾರ್ಥಿನಿ, ಬೆಂಗಳೂರು

ಒಳ್ಳೇ ಅಡಿಪಾಯ. ಮುಂದಕ್ಕೆ 1968 ಅನ್ನೋ ವರ್ಷವನ್ನು ಹಿಡಿದುಕೊಳ್ಳಿ, ಆ ಒಂದೇ ವರ್ಷ ಎಷ್ಟೊಂದು ಬಂದಿವೆ.

ಸತ್ಸುವೊ ಯಮಾಮೊತೊ ತೆಗೆದ ‘ಬೊತಾನ್ ದೊರೊ’ದಿಂದ ಶುರು ಮಾಡಿ. ಹಬ್ಬದ ರಾತ್ರಿ ನೀರಿನಲ್ಲಿ ದೀಪ ತೇಲಿ ಬಿಡುವಾಗ ಒಬ್ಬ ಬಡ ಮೇಷ್ಟ್ರಿಗೆ ಇಬ್ಬರು ಹೆಂಗಸರು ಸಿಗುತ್ತಾರೆ. ಇಬ್ಬರೂ ಸತ್ತವರು. ಅವರು ಒಳಗೆ ಬರದಂತೆ ಮನೆಗೆ ಮಂತ್ರದ ಚೀಟಿ ಅಂಟಿಸುತ್ತಾರೆ. ಪಕ್ಕದ ಮನೆಯವನು ದುಡ್ಡಿಗೆ ಆಸೆಪಟ್ಟು ಆ ಚೀಟಿ ಕಿತ್ತುಹಾಕೋಕೆ ದೆವ್ವಗಳ ಜೊತೆಗೇ ಚೌಕಾಸಿ ಮಾಡುತ್ತಾನೆ. ದೆವ್ವಗಳೇ ಅವನಿಗಿಂತ ಮೇಲು ಅನಿಸುತ್ತೆ.

ತೊಕುಜೊ ತನಾಕಾ ಅವರ ‘ಕೈದಾನ್ ಯುಕಿಜೊರೊ’ ನಿಮಗೆ ಇಷ್ಟವಾಗಲೇಬೇಕು. ‘ಕ್ವೈದಾನ್’ನಲ್ಲಿ ನೋಡಿದ ಹಿಮದ ಹೆಣ್ಣಿನ ಕಥೆಯೇ, ಆದರೆ ಇಲ್ಲಿ ಗಂಡ ಬೌದ್ಧ ವಿಗ್ರಹ ಕೆತ್ತುವವನು, ಊರಿನ ಅಧಿಕಾರಿಗೆ ಅವಳ ಮೇಲೆ ಕಣ್ಣು. ಶಿಹೊ ಫುಜಿಮುರಾ ತಣ್ಣಗಿನ ದೆವ್ವವಾಗಿಯೂ ಮಗುವಿನ ತಾಯಿಯಾಗಿಯೂ ಒಂದೇ ಮುಖದಲ್ಲಿ ಕಾಣುತ್ತಾರೆ. ಇಲ್ಲಿ ಹಿಮದ ಹೆಣ್ಣೇ ಮನುಷ್ಯರಿಗೆ ಹೆದರಬೇಕಾದ ಪರಿಸ್ಥಿತಿ.

ಸಮುದ್ರ ಇಷ್ಟವಾದರೆ ಶೊಚಿಕು ಸ್ಟುಡಿಯೊದ ಕಪ್ಪುಬಿಳುಪು ‘ಕ್ಯುಕೆತ್ಸು ದೊಕುರೊಸೆನ್’. ಹಡಗಿನಲ್ಲಿ ಕೊಂದವರನ್ನು ಸರಪಳಿ ಕಟ್ಟಿ ಮುಳುಗಿಸಿದ್ದಾರೆ, ನೀರೊಳಗೆ ಅಸ್ಥಿಪಂಜರಗಳು ಸಾಲಾಗಿ ನಿಂತೇ ಇವೆ. ಕೊನೆಗೆ ಕಥೆ ಹಳಿ ತಪ್ಪುತ್ತೆ, ಆದರೂ ಆ ಮಂಜು, ಆ ನೀರು ಮರೆಯೋಕಾಗಲ್ಲ. ನಕಾಗಾವಾ ಅವರ 1959ರ ‘ಓನ್ನಾ ಕ್ಯುಕೆತ್ಸುಕಿ’ ಸದ್ಯಕ್ಕೆ ಬಿಡಿ, ಅದರಲ್ಲಿ ಅವರ ಮನಸ್ಸು ಇದ್ದ ಹಾಗೆ ಕಾಣಲ್ಲ.

ಹತ್ತು ವರ್ಷದ ಮಗನ ಜೊತೆ ಕೂತು ನೋಡುವಂಥದ್ದು ಏನಾದರೂ ಇದೆಯಾ?
— ಓದುಗರೊಬ್ಬರು, ಧಾರವಾಡ

ಇದೆ. 1968ರ ‘ಯೊಕಾಯ್ ಹ್ಯಾಕು ಮೊನೊಗಾತಾರಿ’, ದಾಯೇ ಸ್ಟುಡಿಯೊದ್ದು, ಕಿಮಿಯೊಶಿ ಯಸುದಾ ನಿರ್ದೇಶನ. ಮಕ್ಕಳಿಗೆ ಅಂತಲೇ ‘ಗಮೆರಾ’ ಅನ್ನೋ ದೈತ್ಯ ಆಮೆಯ ಸಿನಿಮಾದ ಜೊತೆ ಒಂದೇ ಟಿಕೆಟ್ಟಿಗೆ ಎರಡು ಅಂತ ಬಿಟ್ಟರು. ಒಬ್ಬ ದುಡ್ಡಿನವನು ಬಡವರ ವಠಾರವನ್ನೂ ಪಕ್ಕದ ಗುಡಿಯನ್ನೂ ಕೆಡವೋಕೆ ಹೊರಡುತ್ತಾನೆ. ಅಧಿಕಾರಿಗಳನ್ನು ಮೆಚ್ಚಿಸೋಕೆ ನೂರು ದೆವ್ವದ ಕಥೆ ಹೇಳಿಸುತ್ತಾನೆ, ಆದರೆ ಕೊನೆಯಲ್ಲಿ ಮಾಡಬೇಕಾದ ಶಾಂತಿ ಮಾಡಿಸುವುದಿಲ್ಲ. ಕಥೆಗಳು ಮುಗಿದ ಮೇಲೆ ದೆವ್ವಗಳು ಬಂದೇ ಬರುತ್ತವೆ. ಅವನ ಮಗ, ದೊಡ್ಡವನಾದರೂ ಮಗುವಿನ ಮನಸ್ಸಿನವನು, ಗೋಡೆ ಮೇಲೆ ಒಂಟಿ ಕಾಲು ಒಂಟಿ ಕಣ್ಣಿನ ಛತ್ರಿಯ ಚಿತ್ರ ಬರೆಯುತ್ತಾನೆ. ಆ ಛತ್ರಿ ಜೀವ ಬಂದು ಅವನನ್ನು ನೆಕ್ಕುತ್ತೆ, ಅವನಿಗೆ ಹೆದರಿಕೆಯೇ ಇಲ್ಲ, ಅದರ ಜೊತೆ ಆಟ ಆಡುತ್ತಾನೆ.

ಉದ್ದ ಕುತ್ತಿಗೆಯ ಹೆಂಗಸಿನ ಒಂದು ದೃಶ್ಯ ಮಾತ್ರ ಸ್ವಲ್ಪ ಭಯ ಹುಟ್ಟಿಸುತ್ತೆ. ಮೊದಲು ನೀವೊಬ್ಬರೇ ನೋಡಿಕೊಳ್ಳಿ, ಆಮೇಲೆ ಮಗನನ್ನು ಕೂರಿಸಿಕೊಳ್ಳಿ.